ಊರು ಬಿಟ್ಟವರಿಗೆ ಊರ ಹೆಸರು

(ವಿಜಯಪುರ ಜಿಲ್ಲೆ, ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮೋರಟಗಿಯಲ್ಲಿ ಇರುವವರನ್ನು ಏನಂತ ಕರೆಯುತ್ತಾರೆ? ಮೋರಟಗಿಯವರು ಅಂತ. ನಮ್ಮ ಆಡುಮಾತಿನಲ್ಲಿ ಮೋರಟಗ್ಯಾವ್ರು. ಗಂಡಸಾದರೆ ಮೋರಟಗ್ಯಾಂವ, ಹೆಂಗಸಾದರೆ ಮೋರಟಗ್ಯಾಕಿ. ಇದರಲ್ಲಿ ಉಪನ್ಯಾಸ ಕೊಡುವಂಥದ್ದು ಏನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಮಾತನ್ನು ಯಾರು, ಎಲ್ಲಿ ನಿಂತು ಆಡುತ್ತಾರೆ ಎಂದು ಒಂದು ಸಲ ಯೋಚಿಸಿ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಆಡುತ್ತಾರೆ, ಜೇವರ್ಗಿಯ ಸಂತೆಯಲ್ಲಿ ಆಡುತ್ತಾರೆ, ವಿಜಯಪುರದ ದವಾಖಾನೆಯಲ್ಲಿ ಆಡುತ್ತಾರೆ. ಈ ಊರಿನೊಳಗೆ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಇಲ್ಲಿ ಗೌಡರ ಮನೆಯವರು, ಮಠದವರು, ಬಡಿಗೇರರು, ಅಗಸಿ ಬಾಜೂಕಿನವರು, ಮ್ಯಾಲಿನ ಓಣಿಯವರು ಇದ್ದಾರೆ. ಮೋರಟಗಿಯ ಸೀಮೆ ದಾಟಿದ ಮೇಲೆಯೇ ಮನುಷ್ಯ ಮೋರಟಗಿಯವನಾಗುತ್ತಾನೆ. ಊರ ಹೆಸರು ನಮ್ಮಲ್ಲಿ ಅಂಟುವುದು ಊರು ಬಿಟ್ಟವರಿಗೆ, ಅದನ್ನು ಅಂಟಿಸುವುದು ಇನ್ನೊಂದು ಊರು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಯುರೋಪಿನಲ್ಲಿ ಈ ಸಂಗತಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಹೆಚ್ಚಿನ ನಗರಗಳಿಗೆ ಅವುಗಳ ನಿವಾಸಿಯನ್ನು ಸೂಚಿಸುವ ಸಿದ್ಧಪದವಿದೆ. ಫ್ರೆಂಚರು ಇಂಥ ಪದಗಳ ವರ್ಗಕ್ಕೇ ‘ಜಾಂತಿಲೆ’ ಎಂಬ ಹೆಸರು ಕೊಟ್ಟಿದ್ದಾರೆ. ಪ್ಯಾರಿಸ್ಸಿನ ಗಂಡಸು ಪಾರಿಸಿಯಾಂ, ಹೆಂಗಸು ಪಾರಿಸಿಯೆನ್. ಮಾಸ್ಕೋದವನು ಮಸ್ಕ್ವಿಚ್, ಮಾಸ್ಕೋದವಳು ಮಸ್ಕ್ವಿಚ್ಕಾ. ಲಂಡನ್ನಿಗೆ ಲಂಡನರ್, ಬರ್ಲಿನ್ನಿಗೆ ಬರ್ಲಿನರ್, ಮ್ಯಾಡ್ರಿಡ್ಡಿಗೆ ಮದ್ರಿಲೆನ್ಯೊ. ಒಂದೇ ಭಾಷೆಯೊಳಗೂ ಪ್ರತ್ಯಯಗಳು ಬೇರೆಬೇರೆ. ಯಾವ ಊರಿಗೆ ಯಾವುದು ಹತ್ತುತ್ತದೆ ಎಂಬುದನ್ನು ಬಾಯಿಪಾಠ ಮಾಡಿಯೇ ಕಲಿಯಬೇಕು. ಕೆಲವು ಕಡೆ ಊರಿಗೂ ಊರವರಿಗೂ ಹೆಸರಿನಲ್ಲಿ ಸಂಬಂಧವೇ ಕಾಣುವುದಿಲ್ಲ. ಸ್ಪೇನಿನ ವೆಲ್ವಾ ನಗರದವರು ಒನುಬೆನ್ಸೆಗಳು, ಏಕೆಂದರೆ ರೋಮನ್ನರ ಕಾಲದಲ್ಲಿ ಆ ಊರಿನ ಹೆಸರು ಒನುಬಾ. ಊರು ಹೆಸರು ಬದಲಿಸಿಕೊಂಡರೂ ಊರವರ ಹೆಸರಿನಲ್ಲಿ ಹಳೆಯದು ಉಳಿದಿದೆ. ಲಿಸ್ಬನ್ನಿನವರಿಗೆ ಪೋರ್ತುಗೀಜಿನಲ್ಲಿ ‘ಅಲ್ಫಸಿನ್ಯಾ’, ಅಂದರೆ ಎಳೆಯ ಲೆಟ್ಯೂಸ್ ಸೊಪ್ಪು, ಎಂಬ ಮುದ್ದಿನ ಹೆಸರಿದೆ. ಪೋಲೆಂಡಿನಲ್ಲಂತೂ ವಾರ್ಸಾದವರನ್ನು ಸಣ್ಣ ಅಕ್ಷರದಿಂದ ಬರೆಯಬೇಕೋ ದೊಡ್ಡಕ್ಷರದಿಂದಲೋ ಎಂಬುದು ದೇಶದ ಭಾಷಾ ಮಂಡಳಿಯ ಮುಂದೆ ಬಂತು. 2026ರಿಂದ ದೊಡ್ಡಕ್ಷರ ಎಂದು ತೀರ್ಮಾನವಾಯಿತು.

ಅಲ್ಲಿ ಈ ಪದಗಳಿಗೆ ಇಷ್ಟು ಬೆಲೆ ಬರಲು ಕಾರಣವಿದೆ. ರೋಮಿನವನು ಎನ್ನಿಸಿಕೊಳ್ಳುವುದು ಒಂದು ಕಾಲಕ್ಕೆ ಕಾನೂನಿನ ಹಕ್ಕಾಗಿತ್ತು. ಸಂತ ಪೌಲನು ತಾನು ರೋಮಿನ ಪ್ರಜೆ ಎಂದು ಹೇಳಿ ಚಾವಟಿಯ ಏಟಿನಿಂದ ಪಾರಾದದ್ದು ಬೈಬಲ್ಲಿನಲ್ಲಿಯೇ ಇದೆ. ಮಧ್ಯಯುಗದ ಜರ್ಮನ್ ಪಟ್ಟಣಗಳಲ್ಲಿ ಒಡೆಯನ ಜಮೀನಿನಿಂದ ಓಡಿಬಂದ ಜೀತದಾಳು ಒಂದು ವರ್ಷ ಒಂದು ದಿನ ಗೋಡೆಯೊಳಗೆ ಉಳಿದರೆ ಬಿಡುಗಡೆ ಹೊಂದುತ್ತಿದ್ದ. ಇಂಥ ಊರಿನವನು ಎಂಬ ಮಾತು ಅಲ್ಲಿ ಊರಲ್ಲೇ ಇರುವವನ ಅಧಿಕಾರವನ್ನು ಹೇಳುತ್ತಿತ್ತು. ಹಾಗಿದ್ದರೂ ಊರು ಬಿಟ್ಟವರ ವಿಷಯದಲ್ಲಿ ಅವರೂ ನಮ್ಮ ಹಾಗೆಯೇ ನಡೆದುಕೊಂಡಿದ್ದಾರೆ. ವೀನರ್ ಅಂದರೆ ವಿಯೆನ್ನಾದವನು. ಆ ಅಡ್ಡಹೆಸರು ಬೇಕಾಗಿದ್ದು ವಿಯೆನ್ನಾ ಬಿಟ್ಟು ಬೇರೆ ಕಡೆ ನೆಲೆಸಿದವರಿಗೆ. ಕ್ರೀಟ್ ದ್ವೀಪದಲ್ಲಿ ಹುಟ್ಟಿ ಸ್ಪೇನಿನ ಟೊಲೇಡೊದಲ್ಲಿ 1614ರಲ್ಲಿ ತೀರಿಹೋದ ಚಿತ್ರಕಾರ ದೊಮೆನಿಕೊಸ್ ಥಿಯೊಟೊಕೊಪೌಲೊಸ್‌ನನ್ನು ಜಗತ್ತು ಎಲ್ ಗ್ರೆಕೊ, ಅಂದರೆ ಗ್ರೀಕನು, ಎಂದೇ ಕರೆಯಿತು. ಗ್ರೀಕರ ನಡುವೆ ಇದ್ದಿದ್ದರೆ ಆ ಹೆಸರಿಗೆ ಅರ್ಥವೇ ಇರುತ್ತಿರಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಕನ್ನಡದಲ್ಲಿ ಊರಿನ ಹೆಸರಿಗೆ ‘ಇಗ’ ಹಚ್ಚುವ ದಾರಿ ಇದೆ. ಕನ್ನಡಿಗ ಹಾಗೆ ಬಂದದ್ದು. ಪತ್ರಿಕೆಗಳು ಬೆಂಗಳೂರಿಗ, ಮೈಸೂರಿಗ ಎಂದು ಬರೆಯುತ್ತವೆ. ಆದರೆ ಇಂಡಿಯಿಗ, ಸಿಂದಗಿಗ ಎಂದು ಯಾರೂ ಅನ್ನುವುದಿಲ್ಲ. ನಮಗೆ ಷಷ್ಠಿ ವಿಭಕ್ತಿ ಸಾಕಾಗಿದೆ. ಊರಿನ ಹೆಸರು, ಅದರ ಹಿಂದೆ ಅಂವ, ಆಕಿ, ಅವರು. ಯಾವ ಊರಿಗೂ ಹತ್ತುವ ಈ ವ್ಯವಸ್ಥೆ ಯುರೋಪಿನ ಪ್ರತ್ಯಯಗಳ ಕಾಡಿಗಿಂತ ಉತ್ತಮ ಎಂದು ನನ್ನ ಅಭಿಪ್ರಾಯ.

ಊರ ಹೆಸರನ್ನು ಹೊತ್ತು ತಿರುಗಿದವರ ಚರಿತ್ರೆ ನಮ್ಮ ಸುತ್ತಲೇ ಬೇಕಾದಷ್ಟಿದೆ. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಐಹೊಳೆಯ ವರ್ತಕರು ಅಯ್ಯಾವೊಳೆ ಐನೂರ್ವರು ಎಂದು ಹೆಸರಾದರು. ಸಂಘದಲ್ಲಿ ಬೇರೆಬೇರೆ ಊರಿನವರು, ಬೇರೆಬೇರೆ ಭಾಷೆಯವರು ಸೇರಿಕೊಂಡರು. ಹೆಸರು ಮಾತ್ರ ಅಯ್ಯಾವೊಳೆಯದು. ಸುಮಾತ್ರಾದ ಬಾರುಸ್ ಹತ್ತಿರ ಸಿಕ್ಕ 1088ರ ತಮಿಳು ಶಾಸನದಲ್ಲಿ ಈ ಐನೂರ್ವರ ಪ್ರಸ್ತಾಪವಿದೆ. ಅರಸರದ್ದೂ ಇದೇ ರೀತಿ. ಮಂಗಳವೇಢೆಯಿಂದ ಆಳಿದ ಕಳಚುರಿಗಳು, ಅಂದರೆ ಬಿಜ್ಜಳನ ವಂಶದವರು, ತಮ್ಮನ್ನು ‘ಕಾಲಂಜರ ಪುರವರಾಧೀಶ್ವರ’ ಎಂದು ಕರೆದುಕೊಂಡರು. ಕಾಲಂಜರ ಇರುವುದು ದೂರದ ಬುಂದೇಲಖಂಡದಲ್ಲಿ. ಸವದತ್ತಿಯ ರಟ್ಟರು ‘ಲತ್ತಲೂರ ಪುರವರಾಧೀಶ್ವರ’ರು, ಅದು ಇವತ್ತಿನ ಲಾತೂರು. ಆಳುತ್ತಿದ್ದ ಊರನ್ನು ಬಿಟ್ಟು, ಹಿರಿಯರು ಬಿಟ್ಟುಬಂದ ಊರನ್ನು ಬಿರುದಿನಲ್ಲಿ ಇಟ್ಟುಕೊಂಡರು.

ಆದಿಲಶಾಹಿ ಕಾಲದ ಬಿಜಾಪುರವನ್ನು ನೋಡಿ. ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಖಾನನಿಗೆ ಇರಾನಿನ ಸಾವಾ ಪಟ್ಟಣದ ಮೇಲಿಂದ ‘ಸಾವಾಯಿ’ ಎಂಬ ಹೆಸರಿತ್ತು. 1510ರಲ್ಲಿ ಅವನ ರಾಜ್ಯದಿಂದ ಗೋವೆಯನ್ನು ಕಿತ್ತುಕೊಂಡ ಪೋರ್ತುಗೀಜರು ಅದನ್ನೇ ‘ಸಬಾಯೊ’ ಎಂದು ಬರೆದರು. ಒಂದು ಇರಾನೀ ಊರಿನ ಹೆಸರು ಕನ್ನಡ ನೆಲದ ಸುಲ್ತಾನನಿಗೆ ಅಂಟಿ, ಪೋರ್ತುಗೀಜರ ದಫ್ತರ ಸೇರಿತು. ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ದೊಡ್ಡ ಇತಿಹಾಸ ಬರೆದ ಫೆರಿಷ್ತಾ ‘ಅಸ್ತರಾಬಾದಿ’, ಅದೇ ಆಸ್ಥಾನದ ಇನ್ನೊಬ್ಬ ಇತಿಹಾಸಕಾರ ರಫೀಉದ್ದೀನ್ ‘ಶಿರಾಜಿ’. ಶಿರಾಜಿನಲ್ಲಿ ಯಾರೂ ಒಬ್ಬನನ್ನು ಶಿರಾಜಿ ಎಂದು ಕೂಗುವುದಿಲ್ಲ; ಬಿಜಾಪುರದಲ್ಲಿ ಕೂಗುತ್ತಾರೆ.

ಈಗ ಅಡ್ಡಹೆಸರುಗಳ ಮಾತು. ಹಳೆ ಮೈಸೂರಿನ ಕಡೆ ಊರಿನ ಹೆಸರು ಮುಂದೆ ನಿಂತು ಒಂದು ಅಕ್ಷರಕ್ಕೆ ಇಳಿಯುತ್ತದೆ. ಕುವೆಂಪು ಅವರ ‘ಕು’ ಕುಪ್ಪಳಿ, ಡಿವಿಜಿಯವರ ‘ಡಿ’ ದೇವನಹಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಹೆಸರಿನ ಮೊದಲಿಗೆ ಇರುವುದು ಪೂರ್ವಿಕರ ಊರಾದ, ಆಂಧ್ರದ ಮೋಕ್ಷಗುಂಡಂ. ನಮ್ಮ ಕಡೆ ಮುಂಬಯಿ ಪ್ರಾಂತದ ಪದ್ಧತಿ ನಡೆಯಿತು. ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಊರು ಕೊನೆಯಲ್ಲಿ ಪೂರ್ತಿಯಾಗಿ ಉಳಿಯಿತು. ಅದಕ್ಕೇ ನಮ್ಮ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೂ ಗೊಳಸಂಗಿ, ಕಲಕೇರಿ, ಸಾಸನೂರ, ಮನಗೂಳಿ, ನಾಲತವಾಡ, ಯಲಗೂರ ಅಂತ ನಾಲ್ಕು ತಾಲೂಕಿನ ನಕಾಶೆಯೇ ಕಾಣುತ್ತದೆ. ಆದರೆ ಆ ನಕಾಶೆಯ ಮೇಲಿಂದ ದಾರಿ ಹುಡುಕಿದರೆ ತಪ್ಪುತ್ತೀರಿ. ಮನಗೂಳಿ ಎಂಬ ಅಡ್ಡಹೆಸರಿನ ಮನೆ ಮನಗೂಳಿಯಿಂದ ಹೊರಬಿದ್ದ ಮನೆ.

ದೊಡ್ಡ ಹೆಸರುಗಳನ್ನೇ ತೆಗೆದುಕೊಳ್ಳಿ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಕನ್ನಡಕ್ಕೆ ಶಿಕ್ಷಣದಲ್ಲಿ ಸಿಗಬೇಕಾದ ಸ್ಥಾನದ ಬಗ್ಗೆ ಅವರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಮರುವರ್ಷ ನಾಡೆಲ್ಲ ಎದ್ದು ನಿಂತಾಗ ಆ ಹೋರಾಟಕ್ಕೆ ಗೋಕಾಕ ಚಳವಳಿ ಎಂದೇ ಹೆಸರಾಯಿತು. ಘಟಪ್ರಭೆಯ ದಂಡೆಯ ಒಂದು ಊರು, ಅಲ್ಲಿ ಹುಟ್ಟದ ಒಬ್ಬ ಮನುಷ್ಯನ ಮೂಲಕ, ಇಡೀ ಭಾಷೆಯ ಹೋರಾಟದ ಹೆಸರಾಯಿತು. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ, ಜಗತ್ತಿಗೆ ಗೊತ್ತಾದದ್ದು ಹಾನಗಲ್. ಸವಾಯಿ ಗಂಧರ್ವರು ಕುಂದಗೋಳದವರೇ. ಆದರೂ ಅವರನ್ನು ರಾಮಭಾವು ಕುಂದಗೋಳಕರ ಎಂದು ಕರೆದದ್ದು ಮರಾಠಿ ರಂಗಭೂಮಿಯ ಜಗತ್ತು. ‘ಕರ’ ಎಂಬ ಮರಾಠಿ ಬಾಲ ನೋಡಿದರೆ ಹೆಸರನ್ನು ಯಾವ ಸೀಮೆ ಕೊಟ್ಟಿತೆಂಬುದು ತಿಳಿಯುತ್ತದೆ.

ನಮ್ಮ ಜಿಲ್ಲೆಯದೇ ಆದ ಹಲಸಂಗಿಯಲ್ಲಿ ಇನ್ನೊಂದು ಉದಾಹರಣೆ ಇದೆ. ಮಧುರಚೆನ್ನರ ಪೂರ್ಣ ಹೆಸರು ಚೆನ್ನಮಲ್ಲಪ್ಪ ಗಲಗಲಿ. ಗಲಗಲಿ ಇರುವುದು ಕೃಷ್ಣೆಯ ದಂಡೆಯಲ್ಲಿ, ಬೀಳಗಿಯ ಕಡೆ. ಹಲಸಂಗಿಯಲ್ಲಿ ಅವರು ಗಲಗಲಿಯವರು. ಕನ್ನಡ ನಾಡಿಗೆ ಅವರು ಹಲಸಂಗಿಯವರು. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರೊಡನೆ ಸೇರಿ 1931ರಲ್ಲಿ ‘ಗರತಿಯ ಹಾಡು’ ತಂದ ಆ ಬಳಗಕ್ಕೆ ಹಲಸಂಗಿ ಗೆಳೆಯರು ಎಂದು ಕರೆದದ್ದು ಹೊರಗಿನ ನಾಡು.

ಈ ವಿಷಯದಲ್ಲಿ ನಾನು ನಿಂತು ನೆನೆಯಲೇಬೇಕಾದ ಹೆಸರು ಒಂದಿದೆ. ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿಯವರು 1938ರ ನವೆಂಬರ್ 28ರಂದು ಹುಟ್ಟಿದ್ದು ಇದೇ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ. ಕನ್ನಡದ ಊರ ಹೆಸರು, ಜನರ ಹೆಸರುಗಳನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿ ‘ಕನ್ನಡ ನಾಮವಿಜ್ಞಾನ’ ಬರೆದ ವಿದ್ವಾಂಸರು ಅವರು. ಅವರ ಹೆಸರಿನಲ್ಲೇ ಬೇರೊಂದು ಊರು ಕುಳಿತಿತ್ತು. ಅವರ ಬದುಕಿನ ಬಹುಪಾಲು ಕಾಲ ಸರ್ಕಾರದ ನಕಾಶೆಯಲ್ಲಿ, ರೈಲ್ವೆ ಫಲಕದಲ್ಲಿ ಆ ಊರು ಗುಲಬರ್ಗಾ. ಜನರ ಬಾಯಲ್ಲಿ, ಅವರಂಥವರ ಅಡ್ಡಹೆಸರಿನಲ್ಲಿ, ಕಲಬುರ್ಗಿ. ಸರ್ಕಾರ 2014ರ ನವೆಂಬರ್ 1ರಂದು ಊರಿಗೆ ಕಲಬುರಗಿ ಎಂಬ ಹೆಸರನ್ನು ಮರಳಿಸಿತು. ವೆಲ್ವಾದವರ ಹೆಸರು ಒನುಬಾವನ್ನು ಕಾಪಾಡಿದ ಹಾಗೆ ನಮ್ಮ ಮನೆತನಗಳು ದಫ್ತರ ಮರೆತ ಕನ್ನಡ ರೂಪವನ್ನು ಕಾಪಾಡಿದ್ದವು. ಊರಿಗೆ ಆ ಹೆಸರು ಮರಳಿ ವರ್ಷ ತುಂಬುವ ಮೊದಲೇ, 2015ರ ಆಗಸ್ಟ್ 30ರಂದು, ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಈ ತಾಲೂಕು ಕಳೆದುಕೊಂಡ ಮಗ ಅವರು. ಈ ವಿಷಯದ ಮೇಲೆ ಇಲ್ಲಿ ನಿಂತು ಮಾತಾಡಬೇಕಾದವರೂ ಅವರೇ ಆಗಿದ್ದರು.

ಇಲ್ಲಿಯವರೆಗೆ ಬಹಳಮಟ್ಟಿಗೆ ಗಂಡಸರ ಹೆಸರನ್ನೇ ಹೇಳಿದೆ. ಗಂಡಸಿನ ಊರ ಹೆಸರು ಹಾಜರಿ ಪುಸ್ತಕಕ್ಕೆ ಹೋಗುತ್ತದೆ, ಉತಾರಕ್ಕೆ ಹೋಗುತ್ತದೆ, ಮಕ್ಕಳಿಗೆ ದಾಟುತ್ತದೆ. ಊರು ಬಿಡುವುದನ್ನು ಬದುಕಿನ ನೇಮವಾಗಿಯೇ ಪಡೆದವರು ಹೆಣ್ಣುಮಕ್ಕಳು. ಅವರ ಊರ ಹೆಸರಿಗೆ ಏನಾಗುತ್ತದೆ ನೋಡೋಣ.

ನಮ್ಮ ಒಂದು ಮನೆಯಲ್ಲಿ ಮೂವರು ಸೊಸೆಯಂದಿರು ಇದ್ದಾರೆ ಎಂದುಕೊಳ್ಳಿ. ಒಬ್ಬಳು ಇಂಡಿಯಿಂದ ಬಂದವಳು, ಒಬ್ಬಳು ಆಲಮೇಲದಿಂದ, ಒಬ್ಬಳು ತಾಳಿಕೋಟೆಯಿಂದ. ಮೂವರ ಹೆಸರೂ ಶಾಂತಾ, ಮಹಾದೇವಿ, ಬಸಮ್ಮ ಅಂತ ಏನೋ ಇರುತ್ತದೆ. ಓಣಿಯಲ್ಲಿ ಆ ಹೆಸರಿನವರು ಇನ್ನೂ ಹತ್ತು ಮಂದಿ. ಅತ್ತೆ ಕೂಗುವುದು ‘ಏ ಇಂಡ್ಯಾಕಿ, ರೊಟ್ಟಿ ಆದುವೇನವಾ?’ ಎಂದು. ಬಾಜೂ ಮನೆಯವರು ಕೇಳುವುದು ‘ಆಲಮೇಲದಾಕಿ ಹೊಲಕ್ಕ ಹೋದಳೇನ?’ ಎಂದು. ತಾಳಿಕೋಟ್ಯಾಕಿ ಮುದುಕಿಯಾಗಿ, ಮೊಮ್ಮಕ್ಕಳ ಮದುವೆ ಮಾಡಿದರೂ ತಾಳಿಕೋಟ್ಯಾಕಿಯೇ. ಅರವತ್ತು ವರ್ಷ ಇಲ್ಲಿಯ ನೀರು ಕುಡಿದರೂ ಈ ಊರು ಆಕೆಯನ್ನು ಮೋರಟಗ್ಯಾಕಿ ಎನ್ನುವುದಿಲ್ಲ. ಆ ಹೆಸರು ಆಕೆಗೆ ಸಿಗುವುದು ತವರಿನಲ್ಲಿ. ನಾಗರಪಂಚಮಿಗೆ ಅಣ್ಣ ಕರೆತಂದಾಗ ತಾಳಿಕೋಟೆಯ ಓಣಿಯಲ್ಲಿ ‘ಮೋರಟಗ್ಯಾಕಿ ಬಂದಾಳ’ ಎಂದು ಸುದ್ದಿ ಹಬ್ಬುತ್ತದೆ. ಗಂಡನ ಊರಿನಲ್ಲಿ ತವರಿನ ಹೆಸರು, ತವರಿನಲ್ಲಿ ಗಂಡನ ಊರಿನ ಹೆಸರು. ಎರಡೂ ಊರು ಆಕೆಯನ್ನು ಇನ್ನೊಂದರ ಲೆಕ್ಕಕ್ಕೆ ಬರೆದಿವೆ. ಇದರಲ್ಲಿ ನೋವಿದೆ, ಅದನ್ನು ಬೀಸುವ ಕಲ್ಲಿನ ಮುಂದೆ ಹಾಡಿದವರೂ ಇವರೇ. ಆದರೆ ಒಂದು ಗೌರವವನ್ನೂ ನಾನು ಇದರಲ್ಲಿ ಕಾಣುತ್ತೇನೆ. ಮದುವೆಯಾದ ಕೂಡಲೇ ತವರು ಅಳಿಸಿಹೋಗದಂತೆ ಗಂಡನ ಊರಿನ ಬಾಯಿಯೇ ಅದನ್ನು ದಿನವೂ ನೆನಪಿಟ್ಟಿದೆ.

ದಫ್ತರದಲ್ಲಿ ಈ ನೆನಪು ಇಲ್ಲ. ರೇಷನ್ ಕಾರ್ಡಿನಲ್ಲಿ, ಮತದಾರರ ಯಾದಿಯಲ್ಲಿ ಆಕೆ ತನ್ನ ಹೆಸರು, ಗಂಡನ ಹೆಸರು, ಗಂಡನ ಅಡ್ಡಹೆಸರು. ತವರೂರಿನ ಕಾಲಂ ಇಲ್ಲ. 1994ರ ಕರ್ನಾಟಕದ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿವೆ. ಆ ಹಕ್ಕು ಕೇಳಲು ಹೋದಾಗ ವಂಶಾವಳಿ ಬೇಕಾಗುತ್ತದೆ, ಇಂಥ ಊರಿನ ಇಂಥವರ ಮಗಳು ಎಂದು ಸಾಬೀತು ಮಾಡಬೇಕಾಗುತ್ತದೆ. ಓಣಿಯವರೆಲ್ಲ ದಿನವೂ ಕೂಗಿದ ಹೆಸರಿಗೆ ಒಂದು ಸಾಲಿನ ಕಾಗದವೂ ಸಾಕ್ಷಿ ಇರುವುದಿಲ್ಲ.

ಊರೇ ಎದ್ದುಹೋದ ಕಥೆಯೂ ನಮ್ಮ ಜಿಲ್ಲೆಯಲ್ಲಿದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕೃಷ್ಣೆಯ ಹಿನ್ನೀರು ಹಬ್ಬಿದಂತೆ ದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾಗಿ ಎತ್ತರದ ನೆಲಕ್ಕೆ ಸರಿದವು. ಕೆನೆಮೊಸರಿಗೆ ಹೆಸರಾದ ಕೊಲ್ಹಾರವೂ ಹಾಗೆ ಸರಿದ ಊರು. ಜನ ಹೆಸರನ್ನು ಮೊಸರಿನ ಗಡಿಗೆಯೊಡನೆ ಮೇಲಕ್ಕೆ ಹೊತ್ತು ತಂದರು. ಊರಿನ ಜಾಗ ನೀರಿನ ಕೆಳಗೆ ಹೋದ ಮೇಲೂ ಕೊಲ್ಹಾರದವರು ಕೊಲ್ಹಾರದವರೇ.

ಕೊನೆಯದಾಗಿ, ದುಡಿಯಲು ಹೋದವರ ಮಾತು. ಮೋರಟಗಿ ಎರಡು ರಾಜ್ಯಗಳ ಅಂಚಿನಲ್ಲಿ ಬೆಳೆದ ಊರು. ಸಿಂದಗಿ ಮುಂಬಯಿ ಪ್ರಾಂತದಲ್ಲಿತ್ತು, ಜೇವರ್ಗಿ ನಿಜಾಮನ ರಾಜ್ಯದಲ್ಲಿ. ಆ ಕಡೆಯದನ್ನು ನಮ್ಮ ಹಿರಿಯರು ಮೊಗಲಾಯಿ ಎನ್ನುತ್ತಿದ್ದರು. 1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು, 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯವಾಯಿತು. ಮೊಗಲಾಯಿಯವರು ಎಂಬ ಮಾತು ಅದರಾಚೆಗೂ ಬಾಯಲ್ಲಿ ಉಳಿಯಿತು. ಪಕ್ಕದ ತಾಲೂಕಿನವರನ್ನೇ ಹಾಗೆ ಬೇರೆ ಮಾಡಿ ನೋಡಿದ ನಾವು, ಮಳೆ ಕೈಕೊಟ್ಟ ವರ್ಷ ಗುಳೆ ಹೋದಾಗ ಅದೇ ಅನುಭವಕ್ಕೆ ಒಳಗಾಗುತ್ತೇವೆ. ಮಂಗಳೂರು, ಉಡುಪಿಯ ಕಟ್ಟಡದ ಕೆಲಸಕ್ಕೆ ಹೋದ ನಮ್ಮವರು ಅಲ್ಲಿ ಬಿಜಾಪುರದವರು. ಬಾಗಲಕೋಟೆಯಿಂದ ಬಂದವನೂ ಬಿಜಾಪುರದವನು, ಕೊಪ್ಪಳದಿಂದ ಬಂದವಳೂ ಬಿಜಾಪುರದವಳು. ತುಳುವಿನಲ್ಲಿ ಘಟ್ಟದವರು ಎಂಬ ಇನ್ನೂ ದೊಡ್ಡ ಚೀಲವಿದೆ. ಗೋವೆಯಲ್ಲಿ ‘ಘಾಂಟಿ’ ಎಂದು ಕರೆಯುವುದುಂಟು, ಅದು ನೇರವಾಗಿ ಬೈಗುಳ. ನಮ್ಮೂರಿನಲ್ಲಿ ಇಂಡ್ಯಾಕಿ, ಆಲಮೇಲದಾಕಿ ಎಂದಾಗ ಆ ಊರು ಕರೆಯುವವರಿಗೆ ಗೊತ್ತಿರುತ್ತದೆ, ಆಕೆಯ ಅಣ್ಣತಮ್ಮಂದಿರು ಗೊತ್ತಿರುತ್ತಾರೆ. ಗುಳೆ ಹೋದವರಿಗೆ ಸಿಗುವ ಹೆಸರಿನಲ್ಲಿ ಆ ಪರಿಚಯವಿಲ್ಲ. ಅಂಗನವಾಡಿಗೆ ಬಂದ ಮಗುವನ್ನು ‘ಬಿಜಾಪುರದ ಹುಡುಗ’ ಎಂದು ಕೂಗಿದರೆ ಆ ಮಗುವಿಗೆ ಹೆಸರೂ ಇಲ್ಲ, ಊರೂ ಇಲ್ಲ. ಇದು ತಪ್ಪು ಎಂದು ಆ ಊರುಗಳಲ್ಲಿ ನಿಂತು ಹೇಳುವ ಧೈರ್ಯ ನಮಗೆ ಬೇಕು. ಕಬ್ಬು ಕಡಿಯಲು, ಗೋಡೆ ಕಟ್ಟಲು ನಮ್ಮ ಊರಿಗೆ ಬಂದವರನ್ನು ನಾವು ಹೇಗೆ ಕರೆಯುತ್ತಿದ್ದೇವೆ ಎಂದು ಮೊದಲು ನೋಡಿಕೊಂಡರೆ ಆ ಮಾತಿಗೆ ಬಲ ಬರುತ್ತದೆ.

ಈ ಸಭೆಯಲ್ಲಿರುವ ಶಿಕ್ಷಕರಿಗೂ ಮಕ್ಕಳಿಗೂ ಒಂದು ಕೆಲಸ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ. ಓಣಿಗೊಂದು ನೋಟುಬುಕ್ಕು ಇಡಿ. ಪ್ರತಿ ಮನೆಯ ಅಜ್ಜಿ, ಅವ್ವ, ಅತ್ತಿಗೆ, ಸೊಸೆಯರ ಹೆಸರು ಬರೆಯಿರಿ. ಎದುರಿಗೆ ಓಣಿ ಅವರನ್ನು ಕರೆಯುವ ಊರಿನ ಹೆಸರು, ತವರೂರು, ತಂದೆತಾಯಿಯ ಹೆಸರು, ಈ ಊರಿಗೆ ಬಂದ ವರ್ಷ ಬರೆಯಿರಿ. ಗುಳೆ ಹೋದವರು ಹಬ್ಬಕ್ಕೆ ಬಂದಾಗ ಅವರು ಯಾವ ಊರಿನಲ್ಲಿದ್ದಾರೆ, ಅಲ್ಲಿ ಅವರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಕೇಳಿ ಬರೆಯಿರಿ. ಅಡ್ಡಹೆಸರಿನಲ್ಲಿ ಊರು ಇರುವ ಮನೆಗಳಲ್ಲಿ, ಆ ಊರಿನಿಂದ ಯಾವ ಕಾಲಕ್ಕೆ, ಯಾಕೆ ಬಂದರು ಎಂದು ಹಿರಿಯರು ಹೇಳಿದಷ್ಟನ್ನು ಅವರ ಮಾತಿನಲ್ಲೇ ದಾಖಲಿಸಿ. ಎಂಬತ್ತು ದಾಟಿದ ಅಜ್ಜಿಯರ ಮನೆಗೆ ಮೊದಲು ಹೋಗಿ.